ಫೀನಿಕ್ಸ್‌ನಿಂದ ಮಾನ್ಯುಮೆಂಟ್ ವ್ಯಾಲಿ: ಊರಿಂದ ಬಂದ ಅಪ್ಪ-ಅಮ್ಮ, ಮಕ್ಕಳ ಜೊತೆ ಕಾರಿನಲ್ಲಿ

ಹೊಸದಾರಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮಧ್ಯದ ಶಾಲಾ ರಜೆಗೆ ಅಮೆರಿಕದ ಅರಿಝೋನಾದ ಫೀನಿಕ್ಸ್‌ನಿಂದ ಹೊರಟು, ಪೇಜ್ ಊರಿನ ಹತ್ತಿರ ಹಾರ್ಸ್‌ಶೂ ಬೆಂಡ್ (ನದಿಯ ಲಾಳದಾಕಾರದ ತಿರುವು), ಆಂಟಿಲೋಪ್ ಕ್ಯಾನ್ಯನ್ (ಬಂಡೆಯೊಳಗಿನ ಇಕ್ಕಟ್ಟಾದ ಕೊರಕಲು) ನೋಡಿ, ಅಲ್ಲಿಂದ ಕೆಂಪು ಬಂಡೆಗುಡ್ಡಗಳ ಮಾನ್ಯುಮೆಂಟ್ ವ್ಯಾಲಿಗೆ ಹೋಗಿ ವಾಪಸ್ ಬರುವ ಯೋಚನೆ. ಒಟ್ಟು ಆರು ಜನ: ಇಬ್ಬರು ದೊಡ್ಡವರು, 6 ಮತ್ತು 11 ವರ್ಷದ ಮಕ್ಕಳು, 72ರ ಅಪ್ಪ, 67ರ ಅಮ್ಮ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾರೆ. ಬಾಡಿಗೆ ಮಿನಿವ್ಯಾನ್. ಎರಡು ರಾತ್ರಿ ಸಾಕಾಗುತ್ತಾ? ವ್ಯಾಲಿಯೊಳಗಿನ ಮಣ್ಣಿನ ರಸ್ತೆಗೆ ಮಿನಿವ್ಯಾನ್ ಇಳಿಸಬಹುದಾ? ಊಟಕ್ಕೇನು ಮಾಡೋದು? ಎಲ್ಲರೂ ಸಸ್ಯಾಹಾರಿಗಳು.

ದೂರದಾರಿ

ಎರಡು ರಾತ್ರಿ ಸಾಲದು, ಮೂರು ಇಟ್ಟುಕೊಳ್ಳಿ. ಲೆಕ್ಕ ನೋಡಿ. ಫೀನಿಕ್ಸ್‌ನಿಂದ ಫ್ಲಾಗ್‌ಸ್ಟಾಫ್ 145 ಮೈಲಿ, ಅಲ್ಲಿಂದ ಪೇಜ್ 135, ಪೇಜ್‌ನಿಂದ ಕಯೆಂಟಾ ಮೇಲೆ ಮಾನ್ಯುಮೆಂಟ್ ವ್ಯಾಲಿ ಸುಮಾರು 125, ವಾಪಸ್ ಟೂಬಾ ಸಿಟಿ, ಕ್ಯಾಮೆರಾನ್, ಫ್ಲಾಗ್‌ಸ್ಟಾಫ್ ದಾರಿಯಲ್ಲಿ ಫೀನಿಕ್ಸ್‌ಗೆ 320. ಒಟ್ಟು 725 ಮೈಲಿ, ಅಂದರೆ ಹತ್ತಿರಹತ್ತಿರ 1,170 ಕಿ.ಮೀ. ಮ್ಯಾಪ್ ತೋರಿಸುವ ಹೊತ್ತಿಗೆ ಕಾಲುಭಾಗ ಸೇರಿಸಿಕೊಳ್ಳಿ. ವಯಸ್ಸಾದವರು, ಮಕ್ಕಳು ಇದ್ದರೆ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಲೇಬೇಕು, ಅದೂ ಶೌಚಾಲಯ ಇರುವ ಕಡೆಯೇ ನಿಲ್ಲಿಸಬೇಕು.

ಮೊದಲ ದಿನ ಬೆಳಿಗ್ಗೆ 7ಕ್ಕೆ ಹೊರಟು ಫ್ಲಾಗ್‌ಸ್ಟಾಫ್‌ನಲ್ಲಿ ತಿಂಡಿ, ಮಧ್ಯಾಹ್ನ 2ರೊಳಗೆ ಪೇಜ್. ಆವತ್ತು ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಸಾಕು, ರೂಮಿಗೆ ಹತ್ತಿರ, ನಡಿಗೆಯೂ ಕಡಿಮೆ. ಎರಡನೇ ದಿನ ಬೆಳಿಗ್ಗೆ 9ರ ಸುಮಾರಿಗೆ ಹಾರ್ಸ್‌ಶೂ ಬೆಂಡ್, 11ಕ್ಕೆ ಆಂಟಿಲೋಪ್, 2ಕ್ಕೆ ಪೇಜ್ ಬಿಡಬೇಕು. ಮೂರನೇ ದಿನ ಪೂರ್ತಿ ಮಾನ್ಯುಮೆಂಟ್ ವ್ಯಾಲಿಗೇ. ನಾಲ್ಕನೇ ದಿನ ವಾಪಸ್.

ಒಂದೇ ಮಾತು ಹೇಳೋದಾದರೆ: ಈ ದಾರಿಯಲ್ಲಿ ದಿನವನ್ನು ಮೈಲಿಯಿಂದ ಅಳೆಯಬೇಡಿ, ಬಿಸಿಲಿನಿಂದ ಅಳೆಯಿರಿ. ಕತ್ತಲಾದ ಮೇಲೆ ನವಾಹೋ ಎಂಬ ಮೂಲನಿವಾಸಿಗಳ ಸೀಮೆಯಲ್ಲಿ ಗಾಡಿ ಓಡಿಸುವ ಹಾಗೆ ಯೋಜನೆ ಹಾಕಲೇಬೇಡಿ. ಬಹಳ ಕಡೆ ಬೇಲಿ ಇಲ್ಲ. ಕುದುರೆ, ಹಸು, ಕುರಿ ರಸ್ತೆ ಮೇಲೇ ನಿಂತಿರುತ್ತವೆ. ಕಪ್ಪು ಹಸು ಹೆಡ್‌ಲೈಟಿಗೆ ಕಾಣುವ ಹೊತ್ತಿಗೆ 65 ಮೈಲಿ ವೇಗದಲ್ಲಿ ಬ್ರೇಕ್ ಹಿಡಿಯಲು ಜಾಗ ಉಳಿದಿರುವುದಿಲ್ಲ.

ಗಡಿಯಾರ

ಮೇಲಿನ ಯೋಜನೆಯಲ್ಲಿ ಎಲ್ಲರೂ ಎಡವುವುದು ಗಂಟೆಯ ವಿಷಯಕ್ಕೆ. ಅರಿಝೋನಾ ರಾಜ್ಯ ಬೇಸಿಗೆ ಸಮಯ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಪಾಲಿಸುವುದಿಲ್ಲ. ಆದರೆ ರಾಜ್ಯದೊಳಗೂ ಹರಡಿರುವ ನವಾಹೋ ನೇಷನ್, ಅಂದರೆ ನವಾಹೋಗಳ ಸ್ವಂತ ಆಡಳಿತದ ಸೀಮೆ, ಪಾಲಿಸುತ್ತದೆ. ಹಾಗಾಗಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಕಯೆಂಟಾ, ಮಾನ್ಯುಮೆಂಟ್ ವ್ಯಾಲಿ ಎರಡೂ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದೆ. ಪೇಜ್ ಊರು ನವಾಹೋ ಸೀಮೆಗೆ ಅಂಟಿಕೊಂಡಿದ್ದರೂ ಅದರೊಳಗಿಲ್ಲ, ಅಲ್ಲಿ ಫೀನಿಕ್ಸ್ ಸಮಯವೇ. ಆಂಟಿಲೋಪ್ ಕ್ಯಾನ್ಯನ್ ಇರುವುದು ನವಾಹೋ ನೆಲದಲ್ಲಿ, ಆದರೆ ಟೂರ್‌ಗಳು ನಡೆಯುವುದು ಪೇಜ್ ಸಮಯಕ್ಕೆ. ನವಾಹೋ ಸೀಮೆಯ ಮಧ್ಯೆ ಇರುವ ಹೋಪಿ ಜನರ ಸೀಮೆಯಲ್ಲಿ ಮತ್ತೆ ಫೀನಿಕ್ಸ್ ಸಮಯ. ಟೂಬಾ ಸಿಟಿ ನವಾಹೋಗಳದು, ಪಕ್ಕದಲ್ಲೇ ಇರುವ ಮೋಯೆನ್‌ಕೋಪಿ ಹೋಪಿಗಳದು. ಅಕ್ಕಪಕ್ಕದ ಎರಡು ಊರಿಗೆ ಬೇರೆ ಬೇರೆ ಸಮಯ!

ಫೋನ್ ಯಾವ ಟವರ್ ಹಿಡಿಯುತ್ತೋ ಆ ಸಮಯ ತೋರಿಸುತ್ತೆ. ಪೇಜ್‌ನಲ್ಲಿ ಕೂತಿದ್ದಾಗಲೇ ಒಂದು ಗಂಟೆ ಮುಂದೆ ಹಾರಿ ಮತ್ತೆ ಹಿಂದೆ ಬರಬಹುದು. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಸಮಯ ಬದಲಾಗುವುದನ್ನು ನಿಲ್ಲಿಸಿ ‘ಫೀನಿಕ್ಸ್’ ಎಂದು ಆರಿಸಿಬಿಡಿ. ಅಪ್ಪನವರ ಕೈಗಡಿಯಾರ ಇದ್ದರೆ ಅದನ್ನೇ ನಂಬಿ.

ಇದರಿಂದ ಲೆಕ್ಕ ಹೀಗಾಗುತ್ತೆ: ಪೇಜ್ ಬಿಡುವುದು 2 ಗಂಟೆಗೆ ಅಂದರೆ ಮಾನ್ಯುಮೆಂಟ್ ವ್ಯಾಲಿಯಲ್ಲಿ ಆಗಲೇ 3. ಎರಡೂಕಾಲು ಗಂಟೆ ದಾರಿ, ತಲುಪುವುದು ಸುಮಾರು 5:15. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು 6:40ರ ಹೊತ್ತಿಗೆ. ಸಾಕಷ್ಟು ಸಮಯ ಇದೆ, ಆದರೆ ಪೇಜ್‌ನಲ್ಲಿ ಊಟಕ್ಕೆ ಒಂದು ಗಂಟೆ ಜಾಸ್ತಿ ಕೂತರೆ ಇಲ್ಲ.

ಕೆಂಪುಬಂಡೆ

ಆ ಸಂಜೆಯನ್ನು ಮಾತ್ರ ಕಳೆದುಕೊಳ್ಳಬೇಡಿ. ವಿಸಿಟರ್ ಸೆಂಟರ್ ಮುಂದೆ ನಿಂತರೆ ಕೈಗವಸಿನ ಆಕಾರದ ಎರಡು ‘ಮಿಟನ್’ ಬಂಡೆಗಳು ಮತ್ತು ಮೆರಿಕ್ ಬ್ಯೂಟ್ (ಬ್ಯೂಟ್ ಎಂದರೆ ಕಡಿದಾದ ಬದಿಯ ಒಂಟಿ ಗುಡ್ಡ) ಪೂರ್ವಕ್ಕಿವೆ. ಸಂಜೆ ಬಿಸಿಲು ನಿಮ್ಮ ಬೆನ್ನಿನಿಂದ ಹೋಗಿ ನೇರ ಅವುಗಳ ಮೇಲೆ ಬೀಳುತ್ತೆ, ಕೊನೆಯ ಇಪ್ಪತ್ತು ನಿಮಿಷ ಕೆಂಡದ ಬಣ್ಣ. ಬೆಳಿಗ್ಗೆ ಸೂರ್ಯ ಅವುಗಳ ಹಿಂದಿನಿಂದ ಹುಟ್ಟುವುದರಿಂದ ಕಪ್ಪು ಆಕಾರ ಮಾತ್ರ ಕಾಣುತ್ತೆ, ಅದೂ ಚೆಂದವೇ. ಮುಖ್ಯ ಏನೆಂದರೆ ಇದೆಲ್ಲ ಕಾಣುವುದು ಪಾರ್ಕಿಂಗ್‌ನಿಂದ ಕೆಲವೇ ಹೆಜ್ಜೆ ದೂರದಲ್ಲಿ. ನಿಮ್ಮ ತಾಯಿಯವರು ಒಂದು ಮಡಚುವ ಕುರ್ಚಿ ಹಾಕಿಕೊಂಡು ಶಾಲು ಹೊದ್ದು ಕೂತರೆ ಸಾಕು.

ಹಾರ್ಸ್‌ಶೂ ಬೆಂಡ್‌ಗೆ ಇದರ ಉಲ್ಟಾ. ನೀವು ನೋಡುವುದು ಪಶ್ಚಿಮಕ್ಕೆ, ಸಂಜೆ ಸೂರ್ಯ ಕಣ್ಣಿಗೇ ಹೊಡೆಯುತ್ತೆ, ಬೆಳ್ಳಂಬೆಳಿಗ್ಗೆ ಹೋದರೆ ಕೆಳಗಿನ ನದಿ ನೆರಳಲ್ಲಿರುತ್ತೆ. ಬಿಸಿಲು ಏರುತ್ತಾ ನೆರಳು ಹಿಂದೆ ಸರಿಯುತ್ತೆ. ಅಲ್ಲಿ ಪೇಜ್ ಊರಿನವರು ವಾಹನಕ್ಕೆ 10 ಡಾಲರ್ ಪಾರ್ಕಿಂಗ್ ತಗೋತಾರೆ. ಹೋಗಿ ಬರುವುದು ಒಟ್ಟು ಒಂದೂವರೆ ಮೈಲಿ, ಗಟ್ಟಿ ಮಾಡಿದ ದಾರಿ, ಗಾಲಿಕುರ್ಚಿಗೂ ಆಗುತ್ತೆ. ನೆರಳು ಬಹಳ ಕಡಿಮೆ. ಅಂಚಿನ ಒಂದು ಭಾಗಕ್ಕೆ ಮಾತ್ರ ಕಂಬಿ ಇದೆ, ಕೆಳಗೆ 1,000 ಅಡಿ. ಆರು ವರ್ಷದ ಮಗುವಿನ ಕೈ ಒಬ್ಬರು ಹಿಡಿದೇ ಇರಬೇಕು, ಆ ವ್ಯಕ್ತಿ ಫೋಟೋ ತೆಗೆಯುವ ಕೆಲಸಕ್ಕೆ ಹೋಗಬಾರದು.

ಗಾಲಿ

ಮಿನಿವ್ಯಾನ್ ಪ್ರಶ್ನೆಗೆ ಉತ್ತರ: ಇಳಿಸಬೇಡಿ.

ವ್ಯಾಲಿಯೊಳಗಿನ ಸುತ್ತು ರಸ್ತೆ (ಲೂಪ್) 17 ಮೈಲಿ, ಡಾಂಬರಿಲ್ಲ. ಅತ್ಯಂತ ಕೆಟ್ಟ ಜಾಗ ಶುರುವಿನಲ್ಲೇ ಇದೆ: ವಿಸಿಟರ್ ಸೆಂಟರ್‌ನಿಂದ ಕಣಿವೆಗೆ ಇಳಿಯುವ ಇಳಿಜಾರು. ನೀರು ಕೊರೆದ ಕೊರಕಲು, ಮೇಲೆದ್ದ ಕಲ್ಲು, ತಿರುವಿನಲ್ಲಿ ಮೆತ್ತಗಿನ ಮರಳು. ವಾಪಸ್ ಬರುವಾಗ ಅದನ್ನೇ ಹತ್ತಬೇಕು. ಮಿನಿವ್ಯಾನಿನ ಹೊಟ್ಟೆ ನೆಲದಿಂದ ಆರು ಅಂಗುಲದ ಆಸುಪಾಸು, ಚಕ್ರಗಳ ನಡುವಿನ ಅಂತರವೂ ಉದ್ದ. ಹಾಗಾಗಿ ದಿಬ್ಬದ ನೆತ್ತಿಯಲ್ಲಿ ನಡುಭಾಗ ತಾಗುತ್ತೆ. ಆರು ಜನ ಕೂತರೆ ಇನ್ನೊಂದಿಷ್ಟು ಕೆಳಗಿಳಿಯುತ್ತೆ.

ಸಣ್ಣಕಾರು

ಒಣ ದಿನಗಳಲ್ಲಿ ಸೆಡಾನ್‌ಗಳೇ ಹೋಗುವುದನ್ನು ದಿನಾ ನೋಡಬಹುದಲ್ಲ ಗಾಲಿಯವರೇ. ಗಂಟೆಗೆ 10–15 ಮೈಲಿ ವೇಗದಲ್ಲಿ, ಗಾಲಿಯನ್ನು ಕೊರಕಲಿನೊಳಗೆ ಬಿಡದೆ ಅದರ ಎರಡು ಏಣಿನ ಮೇಲೆ ನಡೆಸಿದರೆ ಆಗುತ್ತೆ.

ಗಾಲಿ

ಆಗುತ್ತೆ, ಸ್ವಂತ ಕಾರಾದರೆ ನಿಮ್ಮ ಇಷ್ಟ. ಇವರದು ಬಾಡಿಗೆ ಗಾಡಿ. ಬಹುತೇಕ ಬಾಡಿಗೆ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಹೋಗುವಂತಿಲ್ಲ ಎಂದು ಬರೆದಿರುತ್ತಾರೆ. ಹೋದರೆ ವಿಮೆ, ರಸ್ತೆಬದಿ ಸಹಾಯ ಎರಡೂ ಅನ್ವಯಿಸುವುದಿಲ್ಲ. ಒಂದು ಎಣ್ಣೆ ತೊಟ್ಟಿಗೆ ಕಲ್ಲು ಬಡಿದರೆ ಟೋಯಿಂಗ್ ಖರ್ಚೇ ಟೂರಿನ ಖರ್ಚಿನ ಎಷ್ಟೋ ಪಟ್ಟು ಆಗುತ್ತೆ. ಹಾಗೆಯೇ ಮಳೆ ಬಂದ ಮರುದಿನ ಆ ಕೆಂಪು ಮಣ್ಣು ಅಂಟು ಅಂಟು. ಆಗ ಯಾವ ಕಾರನ್ನೂ ಇಳಿಸಬಾರದು.

ನವಾಹೋ ಗೈಡ್‌ಗಳ ತೆರೆದ ಟ್ರಕ್ಕು, ಜೀಪುಗಳು ವಿಸಿಟರ್ ಸೆಂಟರ್ ಹತ್ತಿರವೇ ಸಿಗುತ್ತವೆ. ಎರಡೂವರೆ ಗಂಟೆಯ ಟೂರು ಸಾಕು. ಬುಕ್ ಮಾಡುವಾಗ ಮುಚ್ಚಿದ ಗಾಡಿ ಇದೆಯಾ ಎಂದು ಕೇಳಿ. ತೆರೆದ ಗಾಡಿಯಲ್ಲಿ ಧೂಳು ಬಹಳ, ಹಿಂದಿನ ಸೀಟಿನಲ್ಲಿ ಕುಲುಕಾಟ ವಿಪರೀತ. ಅಪ್ಪ-ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬೆನ್ನಿಗೊಂದು ದಿಂಬು ಕೊಡಿ, ಎಲ್ಲರಿಗೂ ಮಾಸ್ಕ್. ಗೈಡ್ ಜೊತೆ ಹೋಗುವುದರ ನಿಜವಾದ ಲಾಭ ಬೇರೆ ಇದೆ. ಆ ಕಣಿವೆಯಲ್ಲಿ ಇವತ್ತಿಗೂ ಜನ ವಾಸ ಮಾಡುತ್ತಾರೆ. ಲೂಪಿನಿಂದ ಒಳಗಿನ ಕಮಾನುಗಳಿಗೆ, ಹಳೆಯ ಶಿಲಾಚಿತ್ರಗಳಿಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಯಾವ ಬಂಡೆಗೆ ಯಾವ ಕಥೆ ಎಂದು ಹೇಳಬಲ್ಲವರು ಅವರೇ.

ಹೊಸದಾರಿ

ಸರಿ, ಟೂರ್ ಬುಕ್ ಮಾಡ್ತೀವಿ. ಆಂಟಿಲೋಪ್‌ನಲ್ಲಿ ಅಪ್ಪರ್, ಲೋಯರ್ ಎರಡರಲ್ಲಿ ಮಂಡಿನೋವಿಗೆ ಯಾವುದು?

ಕೆಂಪುಬಂಡೆ

ಅಪ್ಪರ್. ಒಳಗೆ ನೆಲಮಟ್ಟದ ನಡಿಗೆ, ಕಾಲಡಿ ಮರಳು. ಆದರೆ ಹೊರಬಂದ ಮೇಲೆ ವಾಪಸ್ ದಾರಿಯಲ್ಲಿ ಮೆಟ್ಟಿಲುಗಳಿವೆ, ಬುಕ್ ಮಾಡುವಾಗ ಮಂಡಿನೋವಿನ ಬಗ್ಗೆ ಕೇಳಿಕೊಳ್ಳಿ. ಲೋಯರ್‌ನಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲು, ಏಣಿ. ಮಧ್ಯೆ ಕೂರಲು ಜಾಗವಿಲ್ಲ, ಹಿಂದೆ ತಿರುಗಲೂ ಆಗದು. ಎರಡಕ್ಕೂ ಗೈಡ್ ಕಡ್ಡಾಯ, ವಾರಗಟ್ಟಲೆ ಮೊದಲೇ ಕಾದಿರಿಸಬೇಕು. ಬ್ಯಾಗ್ ಬಿಡುವುದಿಲ್ಲ. ಅಪ್ಪನವರ ಗ್ಲೂಕೋಸ್ ಮಾತ್ರೆ ಜೇಬಿನಲ್ಲಿರಲಿ, ಇನ್ಸುಲಿನ್ ಬಗ್ಗೆ ಬುಕ್ ಮಾಡುವಾಗಲೇ ಹೇಳಿಬಿಡಿ. ಅಪ್ಪರ್‌ಗೆ ಟೂರಿನವರ ಗಾಡಿಯಲ್ಲಿ ಕರೆದೊಯ್ಯುತ್ತಾರೆ, ಆರು ವರ್ಷದ ಮಗುವಿಗೆ ಬೂಸ್ಟರ್ ಸೀಟು ನೀವೇ ತರಬೇಕಾ ಎಂದೂ ಕೇಳಿ. ಅಪ್ಪರ್‌ನ ಪ್ರಸಿದ್ಧ ಬೆಳಕಿನ ಕೋಲು ಕಾಣುವುದು ಮಾರ್ಚ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ. ನೀವು ಹೋಗುವ ಹೊತ್ತಿಗೆ ಅದು ಮುಗಿದಿರುತ್ತೆ. ಗೋಡೆಗಳ ಬಣ್ಣಕ್ಕೇನೂ ಕೊರತೆಯಾಗದು.

ಆಕಾಶ ನೀಲಿಯಾಗಿದ್ದರೂ ಟೂರ್ ರದ್ದು ಮಾಡಿದರೆ ವಾದಿಸಬೇಡಿ. 1997ರ ಆಗಸ್ಟ್ 12ರಂದು ಲೋಯರ್ ಆಂಟಿಲೋಪ್‌ನಲ್ಲಿ 11 ಜನ ನೀರುಪಾಲಾದರು. ಆವತ್ತು ಮಳೆ ಸುರಿದದ್ದು ಮೈಲಿಗಟ್ಟಲೆ ದೂರ, ಮೇಲ್ಭಾಗದಲ್ಲಿ. ಆ ಕೊರಕಲನ್ನು ಅಷ್ಟು ನುಣುಪಾಗಿ ಕೆತ್ತಿದ್ದೇ ಹಾಗೆ ದಿಢೀರನೆ ನುಗ್ಗುವ ನೀರು. ಮಳೆಗಾಲ ಸೆಪ್ಟೆಂಬರ್ ಕೊನೆಗೆ ಮುಗಿದರೂ ಪೆಸಿಫಿಕ್ ಚಂಡಮಾರುತದ ಬಾಲ ಅಕ್ಟೋಬರ್‌ನಲ್ಲಿ ಬರುವುದುಂಟು. ರಸ್ತೆ ತಗ್ಗಿನಲ್ಲಿ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದಡಿ ನೀರಿಗೆ ಕಾರು ತೇಲುತ್ತೆ.

ಶಿಲಾಪದರ

ಹನ್ನೊಂದು ವರ್ಷದ ಮಗು ಇದೆ ಎಂದಿರಿ. ಬಂಡೆಗಳ ಬಗ್ಗೆ ಎರಡು ಮಾತು, ದಾರಿಯಲ್ಲಿ ಹೇಳಿಕೊಡಿ.

ಮಾನ್ಯುಮೆಂಟ್ ವ್ಯಾಲಿಯ ಯಾವ ಗುಡ್ಡ ನೋಡಿದರೂ ಮೂರು ಭಾಗ ಕಾಣುತ್ತೆ. ಕೆಳಗೆ ಲಂಗದ ನೆರಿಗೆ ಹರಡಿದ ಹಾಗೆ ಇಳಿಜಾರು: ಅದು ಆರ್ಗನ್ ರಾಕ್ ಎಂಬ ಮೆದು ಜೇಡಿಗಲ್ಲು. ಅದರ ಮೇಲೆ ಗೋಡೆಯಂತೆ ನೇರ ನಿಂತದ್ದು ಡಿ ಶೇ ಮರಳುಗಲ್ಲು, 27 ಕೋಟಿ ವರ್ಷಕ್ಕೂ ಹಿಂದಿನ ಮರಳುದಿಬ್ಬಗಳು ಗಟ್ಟಿಯಾದದ್ದು. ನೆತ್ತಿಯಲ್ಲಿ ಮೋಯೆನ್‌ಕೋಪಿ ಪದರ, ಅದರ ಮೇಲೆ ಶಿನಾರಂಪ್ ಎಂಬ ಗಟ್ಟಿ ಟೋಪಿ. ಟೋಪಿ ಇರುವವರೆಗೆ ಗೋಡೆ ಉಳಿಯುತ್ತೆ. ಬುಡದ ಜೇಡಿಗಲ್ಲು ಸವೆದಾಗ ಮೇಲಿನ ಮರಳುಗಲ್ಲು ಆಧಾರ ತಪ್ಪಿ, ನೇರ ಬಿರುಕುಗಳ ಗುಂಟ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತೆ. ಅದಕ್ಕೇ ಬದಿಗಳು ಕತ್ತಿಯಿಂದ ಕಡಿದ ಹಾಗಿರುವುದು. ಅಗಲವಾದ ಮೇಜುಬೆಟ್ಟ ಸವೆದು ಬ್ಯೂಟ್ ಆಗುತ್ತೆ, ಬ್ಯೂಟ್ ಸವೆದು ಕಂಬ ಆಗುತ್ತೆ. ಮೂರೂ ಹಂತ ಒಂದೇ ನೋಟದಲ್ಲಿ ಸಿಗುವ ಜಾಗ ಇದು. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಗೋಡೆ ಮೇಲೆ ಇಳಿದಿರುವ ಕಪ್ಪು ಪಟ್ಟಿಗಳಲ್ಲಿ ಮ್ಯಾಂಗನೀಸ್ ಇದೆ.

ಪೇಜ್ ಕಡೆಯ ಕಲ್ಲು ಬೇರೆ, ಅದು ನವಾಹೋ ಮರಳುಗಲ್ಲು, ಇದಕ್ಕಿಂತ ಚಿಕ್ಕ ವಯಸ್ಸು, ಸುಮಾರು 18–19 ಕೋಟಿ ವರ್ಷ. ಅದರಲ್ಲಿ ಓರೆ ಗೆರೆಗಳು ಒಂದರ ಮೇಲೊಂದು ಬೇರೆ ಬೇರೆ ಕೋನದಲ್ಲಿ ಕಾಣುತ್ತವೆ. ಗಾಳಿ ಮರಳುದಿಬ್ಬವನ್ನು ಸರಿಸಿದ ಗುರುತು ಅದು. ಗೆರೆ ಯಾವ ಕಡೆ ಇಳಿಯುತ್ತೋ ಗಾಳಿ ಆ ಕಡೆ ಬೀಸುತ್ತಿತ್ತು. ಮಕ್ಕಳಿಗೆ ಇದನ್ನು ಹುಡುಕಲು ಹೇಳಿ.

ಬಾದಾಮಿ ನೋಡಿದ ಅಜ್ಜ-ಅಜ್ಜಿಗೆ ಈ ಬಣ್ಣ ಪರಿಚಿತವೇ ಅನ್ನಿಸುತ್ತೆ. ಬಾದಾಮಿಯದೂ ಮರಳುಗಲ್ಲೇ, ವಯಸ್ಸಿನಲ್ಲಿ ಮಾತ್ರ ಇದಕ್ಕಿಂತ ಎಷ್ಟೋ ಹಿರಿಯದು. ಹಂಪಿಯ ಗುಂಡುಗಳ ಜೊತೆ ಹೋಲಿಸಬೇಡಿ, ಅದು ಗ್ರಾನೈಟು. ಪದರವಿಲ್ಲದ ಕಲ್ಲು, ಮೂಲೆಗಳು ಮೊದಲು ಸವೆದು ಉರುಟಾಗುತ್ತೆ. ಇಲ್ಲಿ ಪದರ ಇರುವುದರಿಂದಲೇ ಮೇಜು, ಗೋಡೆ, ಕಂಬ.

ಅಡುಗೆಮನೆ

ಊಟದ ವಿಷಯ. ಭಾರತೀಯ ಊಟ ಏನಿದ್ದರೂ ಫ್ಲಾಗ್‌ಸ್ಟಾಫ್‌ನಲ್ಲೇ ನೋಡಿಕೊಳ್ಳಿ. ಕಯೆಂಟಾದಲ್ಲಿ ದಿನಸಿ ಅಂಗಡಿ ಇದೆ. ಹಾಲು, ಮೊಸರು, ಹಣ್ಣು, ಬ್ರೆಡ್ ಸಿಗುತ್ತೆ. ಸ್ಥಳೀಯ ಫ್ರೈ ಬ್ರೆಡ್ ನಮ್ಮ ದಪ್ಪ ಪೂರಿಯ ಹಾಗೆ, ಮಕ್ಕಳಿಗೆ ಹಿಡಿಸುತ್ತೆ. ಆದರೆ ಕರಿದದ್ದು ಯಾವುದರಲ್ಲಿ ಎಂದು ಕೇಳಿಯೇ ತಿನ್ನಿ, ಕೆಲವರು ಪ್ರಾಣಿಕೊಬ್ಬು ಬಳಸುತ್ತಾರೆ. ಬೀನ್ಸ್‌ನಲ್ಲಿ ಮಾಂಸ ಇದೆಯಾ ಅಂತಲೂ ಕೇಳಿ.

ಮೂರು ಕಪ್ಪಿನ ರೈಸ್ ಕುಕ್ಕರ್ ಒಂದು ತಗೊಂಡು ಹೋಗಿ, ಇಲ್ಲೇ ಕೊಂಡದ್ದು, 120 ವೋಲ್ಟಿನದು. ಊರಿನ 230 ವೋಲ್ಟಿನ ಕುಕ್ಕರ್ ಇಲ್ಲಿ ಸರಿಯಾಗಿ ಕಾಯುವುದಿಲ್ಲ. ಕುಕ್ಕರ್ ಹಚ್ಚುವುದು ಅಡುಗೆ ಮಾಡಲು ಬಿಡುವ ರೂಮಿನಲ್ಲಿ ಮಾತ್ರ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಇನ್ವರ್ಟರ್ ಹಾಕಿ ಅನ್ನ ಮಾಡುವ ಯೋಚನೆ ಬೇಡ. ಆ ಸಾಕೆಟ್ಟಿನ ಫ್ಯೂಸ್ 10–15 ಆಂಪಿಯರ್, ಅಂದರೆ 120ರಿಂದ 180 ವ್ಯಾಟ್. ಸಣ್ಣ ಕುಕ್ಕರ್ರೂ 300 ವ್ಯಾಟ್ ಎಳೆಯುತ್ತೆ. ಫ್ಯೂಸ್ ಹೋದರೆ ಫೋನ್ ಚಾರ್ಜ್‌ಗೂ ಸಂಚಕಾರ. ಮಾನ್ಯುಮೆಂಟ್ ವ್ಯಾಲಿ ಇರುವುದು 1,600 ಮೀಟರ್ ಎತ್ತರದಲ್ಲಿ, ನೀರು 95 ಡಿಗ್ರಿಗೇ ಕುದಿಯುತ್ತೆ. ಅನ್ನ ಆಗುತ್ತೆ, ಒಂದು ಕಪ್ಪಿಗೆ ಕಾಲು ಕಪ್ ನೀರು ಜಾಸ್ತಿ ಹಾಕಿ. ತೊಗರಿಬೇಳೆ ಬೇಗ ಬೇಯುವುದಿಲ್ಲ, ಸಾರಿಗೆ ಹೆಸರುಬೇಳೆ ಹಾಕಿ.

ಒಯ್ಯಬೇಕಾದದ್ದು: ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ. ತೆಂಗಿನಕಾಯಿ ಬಿದ್ದದ್ದು ಯಾವುದೂ ಬೇಡ, ಕಾರಿನ ಬಿಸಿಗೆ ಮೊದಲು ಹುಳಿಯುವುದು ಅದೇ. ಕಲಸಿದ ಅನ್ನವನ್ನೂ ಎರಡು ಗಂಟೆಯೊಳಗೆ ತಿಂದುಬಿಡಿ. ಮೊಸರು ಐಸ್‌ಪೆಟ್ಟಿಗೆಯ ತಳದಲ್ಲಿ, ಐಸಿನ ನಡುವೆ.

ನೀರಡಿಕೆ

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಆರು ಜನಕ್ಕೆ ಆರು, ಗಾಡಿ ಕೆಟ್ಟು ನಿಂತರೆ ಎಂದು ಎರಡು ಜಾಸ್ತಿ. ಪ್ರತಿದಿನ ಬೆಳಿಗ್ಗೆ ಈ ಎಂಟು ತುಂಬಿರಬೇಕು. ಐದು ಗ್ಯಾಲನ್ನಿನ ಒಂದೇ ಡಬ್ಬ ತಗೋಬೇಡಿ, 19 ಕೆಜಿ ಎತ್ತಿ ಬಗ್ಗಿಸುವುದು ಕಷ್ಟ, ಸೋರಿದರೆ ಎಲ್ಲವೂ ಹೋಯಿತು.

ಅಲ್ಲಿ ಬೆವರು ಕಾಣಿಸುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತೆ. ಊರಿಂದ ಬಂದ ಹಿರಿಯರು “ಸೆಖೆಯೇ ಇಲ್ಲ” ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಶೌಚಾಲಯ ಸಿಗುತ್ತೋ ಇಲ್ಲವೋ ಎಂಬ ಹಿಂಜರಿಕೆ ಬೇರೆ. ನಿಲ್ಲುವ ಜಾಗಗಳನ್ನು ಮೊದಲೇ ಹೇಳಿಬಿಟ್ಟರೆ ಧೈರ್ಯವಾಗಿ ಕುಡಿಯುತ್ತಾರೆ: ಫ್ಲಾಗ್‌ಸ್ಟಾಫ್, ಕ್ಯಾಮೆರಾನ್, ಪೇಜ್, ಕಯೆಂಟಾ, ಟೂಬಾ ಸಿಟಿ. ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಪ್ಪನವರಿಗೆ ಇದರ ಬದಲು ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಮೂಗು ಒಣಗಿ ರಕ್ತ ಬರುವುದು ಮಕ್ಕಳಿಗೂ ಹಿರಿಯರಿಗೂ ಸಾಮಾನ್ಯ, ರಾತ್ರಿ ಮೂಗಿನ ಒಳಂಚಿಗೆ ವ್ಯಾಸಲೀನ್ ತೆಳ್ಳಗೆ ಸವರಿ.

ಇನ್ಸುಲಿನ್: ನಿಲ್ಲಿಸಿದ ಕಾರಿನಲ್ಲಿ ಒಂದು ಕ್ಷಣವೂ ಬಿಡಬೇಡಿ. ಐಸಿಗೆ ನೇರ ತಾಗಿಸಬೇಡಿ, ಬಟ್ಟೆ ಸುತ್ತಿ ಡಬ್ಬಿಯೊಳಗಿಡಿ. ಮೋಟೆಲ್ ಫ್ರಿಜ್‌ನಲ್ಲಿ ಹಿಂದಿನ ಗೋಡೆಗೆ ಒತ್ತಿಟ್ಟರೆ ಹೆಪ್ಪುಗಟ್ಟುತ್ತೆ, ಬಾಗಿಲಿನ ಕಡೆ ಇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು.

ಗಾಲಿ

ಟೈರಿನದೊಂದು ಲೆಕ್ಕ ಬಿಟ್ಟುಹೋಗಿತ್ತು. ಫೀನಿಕ್ಸ್‌ನಲ್ಲಿ ಮಧ್ಯಾಹ್ನ 35 ಡಿಗ್ರಿಯಲ್ಲಿ ಗಾಳಿ ಹಿಡಿಸಿದರೆ, ವ್ಯಾಲಿಯ ಬೆಳಗಿನ ಜಾವದ 7 ಡಿಗ್ರಿಗೆ ಐದು ಪಿಎಸ್‌ಐ (ಟೈರಿನ ಗಾಳಿಯೊತ್ತಡದ ಅಳತೆ) ಇಳಿದಿರುತ್ತೆ. ಸುಮಾರು ಐದೂವರೆ ಡಿಗ್ರಿಗೆ ಒಂದು ಪಿಎಸ್‌ಐ ಎಂದು ಲೆಕ್ಕ. ಬೆಳಿಗ್ಗೆ ಹಳದಿ ದೀಪ ಉರಿದರೆ ಪಂಚರ್ ಎಂದು ಗಾಬರಿ ಬೇಡ, ನಾಲ್ಕೂ ಟೈರ್ ಒಂದೇ ಸಮ ಇಳಿದಿದೆಯಾ ನೋಡಿ. ಒಂದೇ ಇಳಿದಿದ್ದರೆ ಪಂಚರ್. ತಣ್ಣಗಿದ್ದಾಗಲೇ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟು ತುಂಬಿಸಿ. ಓಡಿ ಬಿಸಿಯಾದ ಟೈರಿನಿಂದ ಗಾಳಿ ತೆಗೆಯಬೇಡಿ.

ಬಾಡಿಗೆ ಕೌಂಟರಿನಲ್ಲೇ ಸ್ಟೆಪ್ನಿ ಇದೆಯಾ ನೋಡಿ. ಈಗಿನ ಎಷ್ಟೋ ಮಿನಿವ್ಯಾನ್‌ಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಅಂಟು ತುಂಬುವ ಕಿಟ್ ಮಾತ್ರ. ಅದು ಮೊಳೆ ಚುಚ್ಚಿದ ತೂತಿಗೆ ಆಗುತ್ತೆ, ಟೈರಿನ ಪಕ್ಕ ಸೀಳಿದರೆ ಆಗದು. ಸಣ್ಣ ಸ್ಟೆಪ್ನಿ ಇದ್ದರೆ ಅದಕ್ಕೆ 60 ಪಿಎಸ್‌ಐ ಬೇಕು, 50 ಮೈಲಿ ವೇಗ ಮೀರಬಾರದು. ಪೆಟ್ರೋಲ್ ಅರ್ಧ ಟ್ಯಾಂಕ್ ಆದ ಕೂಡಲೇ ತುಂಬಿಸಿ.

ಫೀನಿಕ್ಸ್‌ನಿಂದ ಫ್ಲಾಗ್‌ಸ್ಟಾಫ್ ಎಂದರೆ 330 ಮೀಟರ್‌ನಿಂದ 2,100 ಮೀಟರ್‌ಗೆ ಏರು. ತುಂಬಿದ ಗಾಡಿಯಲ್ಲಿ ಇಂಜಿನ್ ಉಷ್ಣದ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ, ಬಲಗಡೆ ಲೇನಿನಲ್ಲಿ ನಿಧಾನ ಹೋಗಿ. ಕೆಂಪು ಮುಟ್ಟಿದರೆ ನಿಲ್ಲಿಸಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ.

ಹೊಸದಾರಿ

ತುಂಬಾ ಉಪಕಾರವಾಯಿತು. ವಾಪಸ್ ಬರುವಾಗ ಗ್ರ್ಯಾಂಡ್ ಕ್ಯಾನ್ಯನ್ ಸೇರಿಸಬಹುದಾ? ಪ್ರವೇಶಕ್ಕೆ ವರ್ಷದ ಪಾಸ್ ಕೊಂಡರೆ ಎಲ್ಲ ಕಡೆ ನಡೆಯುತ್ತಾ?

ದೂರದಾರಿ

ಪಾಸ್ ಮಾನ್ಯುಮೆಂಟ್ ವ್ಯಾಲಿಯಲ್ಲಿ ನಡೆಯುವುದಿಲ್ಲ. ಅದು ನವಾಹೋಗಳ ಸ್ವಂತ ಉದ್ಯಾನ, 1958ರಿಂದ ಅವರೇ ನಡೆಸುತ್ತಿದ್ದಾರೆ. ತಲಾ 8 ಡಾಲರ್ ಬೇರೆ ಕೊಡಬೇಕು. ಆಂಟಿಲೋಪ್‌ನಲ್ಲೂ ಪಾಸ್ ನಡೆಯುವುದಿಲ್ಲ.

ಕ್ಯಾಮೆರಾನ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ಡೆಸರ್ಟ್ ವ್ಯೂ ಬಾಗಿಲು ಸುಮಾರು 30 ಮೈಲಿ. ದಾರಿ ಚೆನ್ನಾಗಿದೆ, ಆದರೆ ಇನ್ನೊಂದು ರಾತ್ರಿ ಇದ್ದರೆ ಮಾತ್ರ ಸೇರಿಸಿ. 2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದ ಪ್ರತಿಯೊಬ್ಬರಿಗೆ ಮಾಮೂಲಿ ಶುಲ್ಕದ ಮೇಲೆ 100 ಡಾಲರ್ ಇದೆ. ವೀಸಾದಲ್ಲಿ ಬಂದಿರುವ ಅಪ್ಪ-ಅಮ್ಮ ಇದರಲ್ಲಿ ಬರುತ್ತಾರೆ. ಹೊರಡುವ ವಾರ ಉದ್ಯಾನದ ವೆಬ್‌ಸೈಟಿನಲ್ಲಿ ಪಾಸಿನ ನಿಯಮ ಓದಿಕೊಳ್ಳಿ.

ಇಲ್ಲದಿದ್ದರೆ ವಾಪಸ್ ದಾರಿಯಲ್ಲೇ ಮಕ್ಕಳಿಗೆ ಎರಡು ಜಾಗ ಇವೆ. ಟೋನಲಿಯಾ ಹತ್ತಿರ ಹೆದ್ದಾರಿ 160ರ ಪಕ್ಕದಲ್ಲೇ ‘ಆನೆ ಕಾಲು’ ಎಂಬ ಎರಡು ಮರಳುಗಲ್ಲಿನ ಕಂಬ, ಹೆಸರಿಗೆ ತಕ್ಕ ಹಾಗೆ ಉಗುರಿನ ಸಮೇತ. ಟೂಬಾ ಸಿಟಿ ದಾಟಿ ಐದು ಮೈಲಿಗೆ, ಹೆದ್ದಾರಿಯ ಹತ್ತಿರವೇ ಬಂಡೆಯ ಮೇಲೆ ಡೈನೊಸಾರ್ ಹೆಜ್ಜೆಗಳು. ಸ್ಥಳೀಯರು ನೀರು ಚಿಮುಕಿಸಿ ಒಂದೊಂದೇ ತೋರಿಸುತ್ತಾರೆ, ಅವರಿಗೆ ಕೊಡಲು ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಕೆಂಪುಬಂಡೆ

ಕೆಲವು ನಿಯಮ, ಹೊರಡುವ ಮೊದಲೇ ಎಲ್ಲರಿಗೂ ಹೇಳಿ. ನವಾಹೋ ಸೀಮೆಯಲ್ಲಿ ಮದ್ಯ ನಿಷಿದ್ಧ, ಡ್ರೋನ್ ಹಾರಿಸುವಂತಿಲ್ಲ, ಬಂಡೆ ಹತ್ತುವಂತಿಲ್ಲ. ಜನರ, ಮನೆಗಳ ಫೋಟೋ ಕೇಳಿಯೇ ತೆಗೆಯಬೇಕು. ಮರಳಿನ ಮೇಲೆ ಕಪ್ಪಗೆ ಉಬ್ಬುಉಬ್ಬಾಗಿ ಕಾಣುವುದು ಜೀವಂತ ಹೊರಪದರ, ಮಣ್ಣನ್ನು ಹಿಡಿದಿಟ್ಟಿರುವುದೇ ಅದು. ಒಂದು ಹೆಜ್ಜೆಗೆ ಪುಡಿಯಾದರೆ ಮತ್ತೆ ಬೆಳೆಯಲು ದಶಕಗಳು ಬೇಕು. ಮಕ್ಕಳು ದಾರಿಯ ಮೇಲೇ ನಡೆಯಲಿ.

ಹೆದ್ದಾರಿ 163ರ 13ನೇ ಮೈಲಿಗಲ್ಲಿನ ಹತ್ತಿರ ಜನ ರಸ್ತೆ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಇಳಿಜಾರು, ಗಾಡಿಗಳು ವೇಗವಾಗಿ ಬರುತ್ತವೆ. ಬದಿಯ ಜಾಗದಲ್ಲಿ ನಿಲ್ಲಿಸಿ, ರಸ್ತೆ ಪಕ್ಕದಿಂದಲೇ ತೆಗೆಯಿರಿ. ಅಲ್ಲಿಗೆ ಹೋಗುವ ಮೊದಲು ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ, ಕಯೆಂಟಾ ಬಿಟ್ಟ ಮೇಲೆ ಸಿಗ್ನಲ್ ಬಂದರೆ ಬಂತು.